ಇದಕ್ಕೂ ಬಲಗೈನೇನಾ ಮಿಸ್?

ಮಂಗಳವಾರ ಮೂರನೇ ಪೀರಿಯಡ್. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಫ್ಲೋರ್‌ಬಾಲ್ ಎಂಬ, ಒಳಾಂಗಣದಲ್ಲಿ ಆಡುವ ಹಾಕಿಯಂಥ ಆಟದ ಪ್ಲಾಸ್ಟಿಕ್ ಸ್ಟಿಕ್ ಹಿಡಿದು ನಿಂತಿದ್ದಳು. ಬಲಗೈ ಮೇಲೆ, ಎಡಗೈ ಕೆಳಗೆ. ನಾನು ಹೋಗಿ ಬೆರಳು ಬಿಡಿಸಿ ಕೈಗಳನ್ನು ಅದಲುಬದಲು ಮಾಡಿದೆ. ಪಕ್ಕದ ಸಾಲಿಗೆ ಹೋಗಿ ತಿರುಗಿ ನೋಡಿದರೆ ಮತ್ತೆ ಹಾಗೇ ಹಿಡಿದಿದ್ದಾಳೆ. ಮತ್ತೆ ಬಂದು ಬದಲಿಸಿದೆ. ಅವಳು ತಲೆ ಎತ್ತಲಿಲ್ಲ, ದನಿಯಲ್ಲಿ ಜಗಳವೂ ಇರಲಿಲ್ಲ. ಕೇಳಿದಳು, ಅಷ್ಟೇ: "ಇದಕ್ಕೂ ಬಲಗೈನೇನಾ ಮಿಸ್?"

"ಹೂಂ, ಮೊದಲು ಸರಿಯಾಗಿ ಹಿಡಿಯೋದು ಕಲಿ" ಅಂದು ಮುಂದೆ ಹೋದೆ.

ಇವತ್ತು ಶನಿವಾರ. ಆ 'ಇದಕ್ಕೂ' ಇನ್ನೂ ಕಿವಿಯಲ್ಲೇ ಇದೆ.

ನಮ್ಮದು ಸೋಮವಾರಪೇಟೆ ಕಡೆಯ ಹೈಸ್ಕೂಲು, ನಾನು ಅಲ್ಲಿ ಪಿ.ಟಿ. ಟೀಚರ್. ಮಳೆ ಹಿಡಿಯಿತೆಂದರೆ ಮೈದಾನದಲ್ಲಿ ಕಣಕಾಲು ಮುಳುಗುವಷ್ಟು ಕೆಸರು. ಕೊಡಗಿನಲ್ಲಿ ಹಾಕಿಯ ಬಗ್ಗೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಮೇಲಂತೂ ಇಲ್ಲಿ ಹಾಕಿ ಅಂದರೆ ಮನೆಮನೆಯ ಮಾತು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಪೀರಿಯಡ್‌ಗಳು ಒಂದೊಂದಾಗಿ ಗಣಿತಕ್ಕೆ, ವಿಜ್ಞಾನಕ್ಕೆ ಹೋಗಿಬಿಡುತ್ತಿದ್ದವು. ಕೇಳುವವರೂ ಸಂಕೋಚವಿಲ್ಲದೆ ಕೇಳುತ್ತಾರೆ, "ಹೇಗೂ ಮಳೆ ಅಲ್ವಾ ಮೇಡಂ?" ಅಂತ. ಅದು ನನಗೆ ಎಂದೂ ಹಿಡಿಸಿದ್ದಿಲ್ಲ. ಮಳೆ ಬಂದರೆ ಮಕ್ಕಳ ಮೈಗೆ ರಜೆ ಸಿಕ್ಕಿಬಿಡುತ್ತದೆಯೇ? ಈ ವರ್ಷ ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಹದಿನಾರು ಫ್ಲೋರ್‌ಬಾಲ್ ಸ್ಟಿಕ್ಕು, ಒಂದು ಚೀಲ ಚೆಂಡು ಕಳಿಸಿದ. ಹೆಡ್‌ಮಾಸ್ಟರು ಎರಡನೇ ಮಾತಿಲ್ಲದೆ ಸಭಾಂಗಣದ ಬೀಗ ತೆಗೆಸಿಕೊಟ್ಟರು. ಅಂಥ ಹೆಡ್‌ಮಾಸ್ಟರು ಸಿಗುವುದು ನಮ್ಮ ವೃತ್ತಿಯಲ್ಲಿ ಪುಣ್ಯ.

ಫ್ಲೋರ್‌ಬಾಲ್ ಅಂಗಣ 40 ಮೀಟರ್ ಉದ್ದ, 20 ಮೀಟರ್ ಅಗಲ, ಸುತ್ತ 50 ಸೆಂಟಿಮೀಟರ್ ಎತ್ತರದ ಹಲಗೆ. ನಮ್ಮ ಸಭಾಂಗಣ ಅದರ ಅರ್ಧವೂ ಇಲ್ಲ. ಹಳೇ ಬೆಂಚುಗಳನ್ನು ಅಡ್ಡ ಮಲಗಿಸಿ ಸುತ್ತ ಹಲಗೆ ಮಾಡಿಕೊಂಡೆವು. ಗೋಲ್‌ಕೀಪರ್ ಬಿಟ್ಟು ಐದೈದು ಜನ ಆಡುವ ಆಟವನ್ನು ಮೂರು ಮೂರಕ್ಕೆ ಇಳಿಸಿದೆವು. ಗೋಲ್‌ಕೀಪರ್‌ಗೆ ಸ್ಟಿಕ್ಕೇ ಇಲ್ಲ, ಮಂಡಿಯೂರಿ ಕೈಯಲ್ಲೇ ತಡೆಯಬೇಕು ಅಂದಾಗ ಆ ಜಾಗಕ್ಕೆ ಆರು ಜನ ಕೈ ಎತ್ತಿದರು.

ಈ ಮಕ್ಕಳಿಗೆ ಮೊದಲು ಕಲಿಸಬೇಕಾದದ್ದು ಹೊಡೆಯದೆ ಇರುವುದನ್ನು. ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ಫ್ಲೋರ್‌ಬಾಲ್‌ನದು 23 ಗ್ರಾಂ, ಒಳಗೆ ಟೊಳ್ಳು, ಮೈತುಂಬ 26 ತೂತು. ಹಾಕಿ ನೋಡಿ ಬೆಳೆದ ಹುಡುಗರು ಸ್ಟಿಕ್ ಹಿಂದಕ್ಕೆತ್ತಿ ಬೀಸಿದರೆ ಅದು ನೇರ ಕಿಟಕಿಗೆ. "ಹೊಡೀಬೇಡಿ, ಎಳೆದು ಕಳಿಸಿ" ಅಂತ ದಿನಕ್ಕೆ ನೂರು ಸಲ ಹೇಳುತ್ತೇನೆ. ಚೆಂಡು ಸ್ಟಿಕ್ಕಿನ ತುದಿಯ ಚಪ್ಪಟೆ ಬ್ಲೇಡಿಗೆ ಅಂಟಿಕೊಂಡೇ ಇರಬೇಕು, ಹಿಂದಿನ ಕಾಲಿನ ಪಕ್ಕದಿಂದ ಮುಂದಕ್ಕೆ ಗುಡಿಸಿಕೊಂಡು ಬಂದು ಕೊನೆಗೆ ಬಿಡಬೇಕು. ಬ್ಲೇಡು ಯಾರ ಕಡೆ ಮುಖ ಮಾಡಿ ನಿಲ್ಲುತ್ತದೋ ಚೆಂಡು ಅವರ ಬಳಿಗೆ ಹೋಗುತ್ತದೆ. ತೆಗೆದುಕೊಳ್ಳುವವರು ಬ್ಲೇಡನ್ನು ಗೋಡೆಯಂತೆ ನಿಲ್ಲಿಸಿದರೆ ಚೆಂಡು ಚಿಮ್ಮಿ ಹೋಗುತ್ತದೆ. ಬರುವ ಚೆಂಡಿನ ಜೊತೆ ಒಂದು ಗೇಣು ಹಿಂದೆ ಸರಿಯಬೇಕು, ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ. ಸ್ಟಿಕ್ಕು ಸೊಂಟದಿಂದ ಮೇಲೆ ಏಳಬಾರದು, ಎದುರಾಳಿಯ ಸ್ಟಿಕ್ಕಿಗೆ ಹೊಡೆಯಬಾರದು. ಇಷ್ಟು ಬಂದರೆ ಮೊದಲ ತಿಂಗಳಿಗೆ ಸಾಕು.

ಇದರಲ್ಲೆಲ್ಲೂ ಬಲಗೈ ಅನ್ನುವ ಮಾತೇ ಇಲ್ಲ. ಸಭಾಂಗಣದಲ್ಲಿ ಅದು ನನ್ನೊಬ್ಬಳ ಬಾಯಲ್ಲಿತ್ತು.

ಹಾಕಿ ಸ್ಟಿಕ್ಕಿಗೆ ಆಡುವ ಮುಖ ಒಂದೇ, ಅದೂ ಎಡಬದಿಗೆ. ಎಡಗೈಯವರಿಗೆಂದು ಬೇರೆ ಸ್ಟಿಕ್ಕನ್ನು ನಿಯಮ ಒಪ್ಪುವುದಿಲ್ಲ. ಹಾಗಾಗಿ ಎಡಚರೂ ಬಲಗೈ ಕೆಳಗಿಟ್ಟೇ ಕಲಿಯಬೇಕು. ನಾನು ಕಾಲೇಜಿನಲ್ಲಿ ಆಡುವಾಗ ನಮ್ಮ ಕೋಚ್ ಬೆಳಿಗ್ಗೆ ಐದೂವರೆಗೆ ನಮಗಿಂತ ಮೊದಲೇ ಮೈದಾನದಲ್ಲಿರುತ್ತಿದ್ದರು. ಈ ಕೆಲಸಕ್ಕೆ ನಾನು ಬಂದದ್ದೇ ಅವರನ್ನು ನೋಡಿ. ಆದರೆ ಎಡಗೈ ಕೆಳಗೆ ಹೋದರೆ ಬೆರಳ ಗಿಣ್ಣಿಗೆ ವಿಷಲ್ ದಾರದಿಂದ ಚುರುಕ್ಕೆನ್ನುವಂತೆ ಒಂದು ಕೊಡುತ್ತಿದ್ದರು. ನಮ್ಮ ತಂಡದಲ್ಲಿದ್ದ ಒಬ್ಬಳು ಎರಡೇ ವಾರಕ್ಕೆ ಬರುವುದನ್ನು ನಿಲ್ಲಿಸಿದಳು. ಅವಳು ಯಾಕೆ ಬಿಟ್ಟಳೆಂದು ನಾವ್ಯಾರೂ ಕೇಳಲಿಲ್ಲ. ಅವಳ ಮುಖ ನನಗೆ ನೆನಪಾದದ್ದು ಈ ಮಂಗಳವಾರ ರಾತ್ರಿ.

ಹಾಕಿಯ ಮಾತು ಬೇರೆ, ಅಲ್ಲಿ ನಿಯಮವಿದೆ. ಫ್ಲೋರ್‌ಬಾಲ್‌ನಲ್ಲಿ ಬ್ಲೇಡಿನ ಎರಡೂ ಮುಖದಲ್ಲಿ ಆಡಬಹುದು. ಎಡಕ್ಕೆ ಬಾಗಿದ ಬ್ಲೇಡು, ಬಲಕ್ಕೆ ಬಾಗಿದ ಬ್ಲೇಡು ಎರಡೂ ಸಿಗುತ್ತವೆ. ನಮ್ಮ ಹುಡುಗ ಕಳಿಸಿದವು ಕಲಿಯುವವರಿಗೆಂದೇ ಮಾಡಿದ ನೇರ ಬ್ಲೇಡಿನವು, ಯಾವ ಕೈಗಾದರೂ ಸರಿ. ಸ್ವೀಡನ್, ಫಿನ್ಲೆಂಡ್, ಸ್ವಿಟ್ಜರ್‌ಲೆಂಡ್‌ನವರು 1986ರಲ್ಲಿ ಹುಸ್ಕ್‌ವರ್ನ ಎಂಬ ಊರಿನಲ್ಲಿ ಸೇರಿ ಈ ಆಟಕ್ಕೆ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರಂತೆ, ಗೋಲಿನ ಅಳತೆ ಇಷ್ಟಂತೆ ಎಂದೆಲ್ಲ ಮಕ್ಕಳಿಗೆ ಹೇಳಲು ಓದಿಕೊಂಡಿದ್ದೆ. ಕೈಯಲ್ಲಿದ್ದ ಸ್ಟಿಕ್ಕನ್ನೇ ನೋಡಿರಲಿಲ್ಲ.

ಬುಧವಾರ ಸ್ಟಾಫ್ ರೂಮಿನಲ್ಲಿ ಅವಳ ಕ್ಲಾಸ್ ಟೀಚರ್‌ನ ವಿಚಾರಿಸಿದೆ. ತೋಟದ ಲೈನ್‌ಮನೆಯ ಹುಡುಗಿ. ಚಿಕ್ಕವಳಿದ್ದಾಗ ಎಡಗೈಯಲ್ಲಿ ಬರೆಯುತ್ತಿದ್ದಳಂತೆ. ಮನೆಯಲ್ಲಿ ಅಜ್ಜಿ, ಶಾಲೆಯಲ್ಲಿ ಟೀಚರು, ಇಬ್ಬರೂ ಸೇರಿ ಬಿಡಿಸಿದ್ದಾರೆ. "ಬುದ್ಧಿ ಚೆನ್ನಾಗಿದೆ ಮೇಡಂ, ಅಕ್ಷರ ಮಾತ್ರ ಕೆಟ್ಟದು" ಅಂದರು. ಮಕ್ಕಳ ಬಗ್ಗೆ ಕಾಳಜಿ ಇರುವವರೇ. ಆದರೆ ಆ ಎರಡು ಮಾತನ್ನೂ ಒಟ್ಟಿಗೆ ಹೇಳಿ, ನಡುವೆ ಒಂದು ಕೊಂಡಿಯಿರಬಹುದೆಂದು ಅವರಿಗೆ ಹೊಳೆಯದ್ದು ನನಗೆ ಆಶ್ಚರ್ಯವಾಯಿತು. ಕ್ಲಾಸಿನಲ್ಲಿ ಅವಳಿಗೆ 'ಎಡಚಿ' ಅಂತಲೇ ಹೆಸರಂತೆ.

ಆಗ ಆ 'ಇದಕ್ಕೂ' ಎಷ್ಟು ಉದ್ದದ ಪಟ್ಟಿಯ ಕೊನೆಯ ಸಾಲು ಎಂದು ಅರ್ಥವಾಯಿತು. ಬರೆಯೋಕೆ ಬಲಗೈ. ಉಣ್ಣೋಕೆ ಬಲಗೈ. ಪ್ರಸಾದಕ್ಕೆ, ಅಂಗಡಿಯಲ್ಲಿ ದುಡ್ಡು ಕೊಡೋಕೆ, ದೊಡ್ಡವರ ಕೈಯಿಂದ ಏನಾದರೂ ಇಸ್ಕೊಳ್ಳೋಕೆ ಬಲಗೈ. ಹದಿನಾಲ್ಕು ವರ್ಷ ಆ ಪಟ್ಟಿ ಕೇಳಿಸಿಕೊಂಡವಳು, ಹೆಸರೇ ಕೇಳಿರದ ಹೊಸ ಆಟವೊಂದು ಬಂದಾಗ, ಇದೊಂದಾದರೂ ಹೊರಗಿರಬಹುದೇ ಎಂದು ಕೇಳಿದ್ದಾಳೆ. ನಾನು ಹೂಂ ಅಂದಿದ್ದೇನೆ.

ನಮ್ಮ ಮಾತಿನಲ್ಲೇ ಬಲ ಅಂದರೆ ಶಕ್ತಿಯೂ ಹೌದು, ದಿಕ್ಕೂ ಹೌದು. ಹೊಸ ಸೊಸೆ ಬಲಗಾಲಿಟ್ಟು ಒಳಗೆ ಬರಬೇಕು. ಬೆಳಿಗ್ಗೆ ಸಿಡುಕಿದರೆ ಎಡಮಗ್ಗುಲಲ್ಲಿ ಎದ್ದೆಯಾ ಅನ್ನುತ್ತಾರೆ. ಎಡವುವುದು, ಎಡವಟ್ಟು, ಎಲ್ಲದರಲ್ಲೂ ಕಿವಿಗೆ ಎಡವೇ ಕೇಳಿಸುತ್ತದೆ. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಮೊಮ್ಮಗಳನ್ನು ನಾಲ್ಕು ಜನ ಆಡಿಕೊಳ್ಳಬಾರದು ಎಂಬ ಪ್ರೀತಿಯಿಂದಲೇ ಆಕೆ ಬಿಡಿಸಿರಬಹುದು. ಸಿಟ್ಟು ನನ್ನ ಮೇಲೆ. ಮಗುವಿನ ಮೈ ಹೇಗೆ ಚಲಿಸುತ್ತದೆ ಎಂದು ನೋಡುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಹತ್ತು ಜನರಲ್ಲಿ ಸುಮಾರು ಒಬ್ಬರು ಎಡಗೈಯವರು. ಹದಿಮೂರು ವರ್ಷದ ನೌಕರಿಯಲ್ಲಿ ಅಂಥ ಎಷ್ಟು ಮಕ್ಕಳ ಬೆರಳು ಬಿಡಿಸಿ ಬದಲಿಸಿದ್ದೇನೋ.

ಶುಕ್ರವಾರ ಸ್ಟಿಕ್ಕುಗಳನ್ನೆಲ್ಲ ನೆಲದ ಮೇಲಿಟ್ಟೆ. "ಅಂಗಳದ ಎಲೆ ಗುಡಿಸೋ ಉದ್ದ ಪೊರಕೆ ಅಂದ್ಕೊಳ್ಳಿ. ಯೋಚನೆ ಮಾಡ್ಬೇಡಿ, ಎತ್ತಿ ಗುಡಿಸಿ" ಅಂದೆ. ಎರಡು ತಂಡ ಮಾಡಿ ಮೂವತ್ತೆರಡು ಮಕ್ಕಳನ್ನೂ ನೋಡಿದೆ. ಹನ್ನೊಂದು ಜನ ಎಡಗೈ ಕೆಳಗಿಟ್ಟು ಹಿಡಿದರು. ಅವರಲ್ಲಿ ಎಂಟು ಮಂದಿ ಬಲಗೈಯಲ್ಲೇ ಬರೆಯುವವರು, ಯಾರೂ ಬಿಡಿಸಿ ಬಲಗೈಗೆ ತಂದವರಲ್ಲ. ಎರಡು ಕೈಯ ಕೋಲಿನಲ್ಲಿ ಮೇಲಿನ ಕೈ ತಿರುಗಿಸುತ್ತದೆ, ಕೆಳಗಿನ ಕೈ ಒತ್ತುತ್ತದೆ. ಚುರುಕು ಕೈಯನ್ನು ಮೇಲಿಡಲು ಕೆಲವರ ಮೈ ಬಯಸುತ್ತದೆ, ಕೆಲವರದು ಕೆಳಗಿಡಲು. ಬರೆಯುವ ಕೈ ನೋಡಿ ಹೇಳುವಂತಿಲ್ಲ. ಮಂಗಳವಾರ ಈ ಹನ್ನೊಂದು ಜನರೂ ನನ್ನ ಮಾತು ಕೇಳಿ ಕೈ ಬದಲಿಸಿದ್ದರು. ತಿರುಗಿ ಕೇಳಿದವಳು ಒಬ್ಬಳೇ.

ಅವಳು ಸ್ಟಿಕ್ ಎತ್ತುವ ಮೊದಲು ನನ್ನ ಮುಖ ನೋಡಿದಳು.

"ಹೇಗ್ ಬೇಕಾದ್ರೂನಾ?"

"ಹೇಗ್ ಬೇಕಾದ್ರೂ."

ಬಲಗೈ ಮೇಲೆ, ಎಡಗೈ ಕೆಳಗೆ. ಬೆನ್ನು ತಾನಾಗೇ ಬಾಗಿತು, ಮಂಡಿ ಮಡಿಯಿತು. ಮಂಗಳವಾರ ಎರಡು ಸಲ ಹೇಳಿದರೂ ಬಾರದ ನಿಲುವು. ಅವಳ ಪಾಸುಗಳೆಲ್ಲ ಸರಿಹೋದವು ಅಂತಲ್ಲ, ಅರ್ಧಕ್ಕರ್ಧ ಬೆಂಚಿಗೆ ಬಡಿದವು. ಆದರೆ ಎದುರು ನಿಂತ ಹಾಕಿ ಹುಡುಗರು ಪ್ರತಿಸಲವೂ ತಪ್ಪು ಬದಿಗೆ ಹೋಗಿ ನಿಲ್ಲುತ್ತಿದ್ದರು, ಚೆಂಡು ಇನ್ನೊಂದು ಬದಿಯಿಂದ ಬರುತ್ತಿತ್ತು. ಒಬ್ಬ ಸಿಟ್ಟಿನಲ್ಲಿ ಸ್ಟಿಕ್ ಬೀಸಿದಾಗ "ಸೊಂಟದ ಮೇಲೆ ಎತ್ಬೇಡ್ವೋ!" ಅಂತ ಗದರಿದಳು. ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬೆಲ್ ಆದ ಮೇಲೆ ಸ್ಟಿಕ್ ಕೊಡಲು ಬಂದಳು. "ಮಂಗಳವಾರ ನಾನು ಹೇಳಿದ್ದು ತಪ್ಪು ಕಣಮ್ಮಾ" ಅಂದೆ.

"ಪರ್ವಾಗಿಲ್ಲ ಮಿಸ್, ನಂಗೆ ಅಭ್ಯಾಸ ಇದೆ" ಅಂದಳು. ನನಗೆ ಸಮಾಧಾನವಾಗಲಿ ಎಂದೇ ಅಂದಿದ್ದು. ಹಾಗಾಗಿ ಇನ್ನಷ್ಟು ಚುಚ್ಚಿತು.

ಬರುವ ಮಂಗಳವಾರ ರಿಸ್ಟ್ ಶಾಟ್, ಅಂದರೆ ಮಣಿಕಟ್ಟು ತಿರುಗಿಸಿ ಚೆಂಡು ಕಳಿಸುವುದನ್ನು ಹೇಳಿಕೊಡಬೇಕು. ಎಡಗೈ ಕೆಳಗಿಟ್ಟವರಿಗೂ ನಾನೇ ಮಾಡಿ ತೋರಿಸಬೇಕಲ್ಲ. ನಿನ್ನೆ ಸಂಜೆ ಮನೆ ಜಗಲಿಯ ಮೇಲೆ ಎರಡು ಚಪ್ಪಲಿಗಳನ್ನು ಗೋಲು ಮಾಡಿ, ಅವಳು ಹಿಡಿದ ಹಾಗೇ ಹಿಡಿದು ನೂರು ಸಲ ಹೊಡೆದೆ. ಮಣಿಕಟ್ಟು ಮಾತು ಕೇಳಲಿಲ್ಲ, ಚೆಂಡು ಅಂಗಳಕ್ಕೆ ಜಾರಿ ಜಾರಿ ಮಳೆಯಲ್ಲಿ ನೆನೆಯಿತು. ಹದಿನಾಲ್ಕು ಮಾತ್ರ ಚಪ್ಪಲಿಗಳ ನಡುವೆ ಹೋದವು. ಇವತ್ತು ಮಧ್ಯಾಹ್ನ ಇಪ್ಪತ್ತೆರಡು.