ಅಗ್ಗದ ಬೇಟೆ ರೈಫಲನ್ನು ಪಳಗಿಸುವ ಕೆಲಸ: ಇಲ್ಲಿಯವರೆಗಿನ ಲೆಕ್ಕ

ರೈಫಲ್ .308 ವಿಂಚೆಸ್ಟರ್ ಕಾಡತೂಸಿನದು. ಬೋಲ್ಟ್ ಆಕ್ಷನ್ (ಕೈಯಿಂದ ಬೋಲ್ಟ್ ಎಳೆದು ಕಾಡತೂಸು ತುಂಬುವ ಯಂತ್ರಭಾಗ), ಸಪೂರ ನಳಿಗೆ, ಇವೆರಡನ್ನೂ ಹೊರುವ, ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಸ್ಟಾಕ್. ತಯಾರಕರ ಪಟ್ಟಿಯಲ್ಲಿ ಇದಕ್ಕಿಂತ ಕೆಳಗಿನ ಮಾದರಿ ಇಲ್ಲ. ಕೆಲಸ ಶುರುವಾಗುವ ಮುನ್ನ 100 ಮೀಟರ್‌ ದೂರದ ಕಾಗದದ ಮೇಲೆ ಐದು ಗುಂಡುಗಳ ಗುಂಪು ಸರಾಸರಿ 75 ಮಿ.ಮೀ. ಹರಡುತ್ತಿತ್ತು. ಒಂದು ಎಂಒಎ ಎಂದರೆ ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲು. 100 ಮೀಟರ್‌ನಲ್ಲಿ ಅದು 29 ಮಿ.ಮೀ. ಆ ಲೆಕ್ಕದಲ್ಲಿ ನನ್ನದು ಎರಡೂವರೆ ಎಂಒಎ ದಾಟಿದ ರೈಫಲ್.

ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಭಾಗ ಸುಮಾರು 20 ಸೆಂ.ಮೀ. ಅಗಲ ಎಂದು ಬೇಟೆಗಾರರು ಲೆಕ್ಕ ಹಿಡಿಯುತ್ತಾರೆ. 100 ಮೀಟರ್‌ಗೆ ಈ ರೈಫಲ್ ಹೇಗೋ ಸಾಕು. 200 ಮೀಟರ್‌ನಲ್ಲಿ ಅದರ ಹರಡುವಿಕೆಯೇ 15 ಸೆಂ.ಮೀ. ತಿಂದುಹಾಕುತ್ತದೆ, ಗಾಳಿಗೆ, ಉಸಿರಿಗೆ, ನಡುಗುವ ಭುಜಕ್ಕೆ ಉಳಿಯುವುದು ಐದೇ ಸೆಂ.ಮೀ. ಹಾಗಾಗಿ ನಾನು ಇಟ್ಟುಕೊಂಡ ಗುರಿ ಒಂದೂವರೆ ಎಂಒಎ. ನಳಿಗೆ ಬದಲಿಸುವಂತಿಲ್ಲ, ಹೊಸ ಸ್ಟಾಕ್ ಕೊಳ್ಳುವಂತಿಲ್ಲ, ಒಂದು ಸಲಕ್ಕೆ ಒಂದೇ ಬದಲಾವಣೆ.

ನಳಿಗೆಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿರಲಿಲ್ಲ. ಅಗ್ಗದ ರೈಫಲ್ ಎಂದರೆ ಕಳಪೆ ನಳಿಗೆ ಎಂಬ ಮಾತು ಈಗ ಸವಕಲು. 1958ರಲ್ಲಿ ಸ್ಯಾವೇಜ್ ಕಂಪನಿಗಾಗಿ ನಿಕೋಲಸ್ ಬ್ರೂಯರ್ ವಿನ್ಯಾಸಗೊಳಿಸಿದ 110 ಮಾದರಿಯಲ್ಲಿ ನಳಿಗೆಯನ್ನು ಒಂದು ನಟ್ ಬಿಗಿದು ಕೂರಿಸುವ ಏರ್ಪಾಡು ಬಂತು. ಕಾಡತೂಸು ಕೂರುವ ಆಳವನ್ನು ಅಳತೆಗೋಲು ಇಟ್ಟು ಹೊಂದಿಸಿ, ನಟ್ ಬಿಗಿದರೆ ಮುಗಿಯಿತು. ಒಂದೊಂದು ನಳಿಗೆಯನ್ನೂ ನುರಿತ ಕೆಲಸಗಾರ ಉಜ್ಜಿ ಕೂರಿಸುವ ಖರ್ಚು ತಪ್ಪಿತು. ಇಂದಿನ ಅಗ್ಗದ ರೈಫಲ್‌ಗಳಲ್ಲಿ ಹಲವು ಇದೇ ದಾರಿ ಹಿಡಿದಿವೆ. ಹಣ ಉಳಿಸಿರುವುದು ಬೇರೆ ಕಡೆ: ಸ್ಟಾಕ್, ಟ್ರಿಗರ್, ಮ್ಯಾಗಜಿನ್, ಮೇಲ್ಮೈಯ ಹೊಳಪು. ನಾನು ಕೈ ಹಾಕಿದ್ದೂ ಅಲ್ಲಿಗೇ.

ಅದಕ್ಕೂ ಮುನ್ನ ಅಳತೆಯ ವಿಷಯ ಹೇಳಿಬಿಡಬೇಕು. ಮೂರು ಗುಂಡಿನ ಗುಂಪನ್ನು ಹಿಡಿದು ‘ನನ್ನ ರೈಫಲ್ ಒಂದು ಎಂಒಎ ಹೊಡೆಯುತ್ತದೆ’ ಎನ್ನುವವರ ಮಾತನ್ನು ನಾನು ಅರ್ಧಕ್ಕಿಂತ ಹೆಚ್ಚು ನಂಬುವುದಿಲ್ಲ. ಒಂದೇ ರೈಫಲ್, ಒಂದೇ ಕಾಡತೂಸು, ಒಂದೇ ಕೈ ಇದ್ದರೂ ಗುಂಡುಗಳ ಸಂಖ್ಯೆ ಏರಿದಂತೆ ಗುಂಪು ದೊಡ್ಡದಾಗುತ್ತದೆ. ಮೂರು ಗುಂಡಿನ ಗುಂಪಿನ ಸರಾಸರಿ ಅಗಲವನ್ನು 1 ಎಂದು ಹಿಡಿದರೆ ಐದು ಗುಂಡಿನದು ಸುಮಾರು 1.3, ಹತ್ತು ಗುಂಡಿನದು ಸುಮಾರು 1.6. ಇದು ಸಂಭವನೀಯತೆಯ ಲೆಕ್ಕ, ಬಂದೂಕಿನ ದೋಷವಲ್ಲ. ಪ್ರತಿ ಬದಲಾವಣೆಯ ನಂತರವೂ ನಾನು ಐದರ ಗುಂಪುಗಳನ್ನೇ ಹೊಡೆದು ಸರಾಸರಿ ತೆಗೆದೆ, ಕೊನೆಯ ತೀರ್ಪಿಗೆ ಹತ್ತರ ಗುಂಪು. ತಪ್ಪಿ ಹೋದ ಗುಂಡು ಎಂದು ಯಾವುದನ್ನೂ ಲೆಕ್ಕದಿಂದ ಬಿಡಲಿಲ್ಲ. ಹಾಗೆ ಬಿಡಲು ಹೊರಟರೆ ಎಲ್ಲ ರೈಫಲ್‌ಗಳೂ ಅದ್ಭುತವೇ.

ಸ್ಟಾಕ್

ಹೆಚ್ಚಿನ ಸಮಯ ಹೋದದ್ದು ಇಲ್ಲಿ. ರೈಫಲ್ ಖಾಲಿಯಿದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ನಳಿಗೆಗೂ ಸ್ಟಾಕಿನ ಮುಂಭಾಗಕ್ಕೂ ನಡುವೆ ಕಾಗದದ ಪಟ್ಟಿಯೊಂದನ್ನು ತೂರಿಸಿ ಹಿಂದಕ್ಕೆ ಎಳೆದೆ. ರೈಫಲನ್ನು ಕೈಯಲ್ಲಿ ಎತ್ತಿ ಹಿಡಿದಾಗ ಪಟ್ಟಿ ಆಕ್ಷನ್ ಬುಡದವರೆಗೂ ಸರಾಗವಾಗಿ ಬಂತು. ಅದೇ ರೈಫಲನ್ನು ಬೈಪಾಡ್ (ಮುಂಭಾಗದ ಎರಡು ಕಾಲಿನ ಆಸರೆ) ಮೇಲೆ ನಿಲ್ಲಿಸಿ ಸ್ವಲ್ಪ ಭಾರ ಕೊಟ್ಟರೆ ಅರ್ಧ ದಾರಿಯಲ್ಲೇ ಕಚ್ಚಿಕೊಂಡಿತು. ಸ್ಟಾಕ್ ಬಿಚ್ಚಿ ದೀಪದ ಕೆಳಗೆ ನೋಡಿದರೆ ನಳಿಗೆ ಕೂರುವ ಕಾಲುವೆಯ ಬಲ ಅಂಚಿನಲ್ಲಿ ಹೆಬ್ಬೆರಳಿನಷ್ಟು ಉದ್ದದ, ನುಣ್ಣಗೆ ಹೊಳೆಯುವ ಕಪ್ಪು ಗುರುತು. ಸುತ್ತಲಿನ ಪ್ಲಾಸ್ಟಿಕ್ ಮಾಸಲು, ಅದೊಂದು ಜಾಗ ಮಾತ್ರ ಪಾಲಿಶ್. ನಳಿಗೆ ಉಜ್ಜುತ್ತಿದ್ದದ್ದು ಅಲ್ಲಿ.

ಗುಂಪುಗಳು ನಳಿಗೆ ಕಾದಂತೆಲ್ಲ ಎಡಕ್ಕೆ ನಡೆಯುತ್ತಿದ್ದುದಕ್ಕೆ ಕಾರಣವೂ ಅದೇ. ಬಲದಿಂದ ಸ್ಟಾಕ್ ತಳ್ಳಿದರೆ ನಳಿಗೆ ಎಡಕ್ಕೆ ನೋಡುತ್ತದೆ. ಗುಂಡು ಹಾರುವಾಗ ನಳಿಗೆ ಕಂಪಿಸುತ್ತದೆ. ಪ್ರತಿ ಸಲವೂ ಒಂದೇ ರೀತಿ ಕಂಪಿಸಿದರೆ ತೊಂದರೆಯಿಲ್ಲ, ಒಮ್ಮೆ ತಾಗಿ ಒಮ್ಮೆ ತಾಗದೆ ಇದ್ದರೆ ಪ್ರತಿ ಗುಂಡಿಗೂ ಬೇರೆ ಬೇರೆ ದಾರಿ.

ದುಂಡನೆಯ ಕೋಲಿಗೆ ಒರಟು ಮರಳುಕಾಗದ ಸುತ್ತಿ ಕಾಲುವೆಯನ್ನು ಅಗಲ ಮಾಡಿದೆ. ಈಗ ನಳಿಗೆಯ ಸುತ್ತ ಎರಡು ಮಿ.ಮೀ. ಸಂದು ಇದೆ. ನೋಡಲು ಚೆಂದವಲ್ಲ. ಆದರೆ ಸಂದು ಎಷ್ಟಿದ್ದರೇನು, ಸ್ಟಾಕಿನ ಮುಂಭಾಗ ಒದ್ದೆ ರಟ್ಟಿನಂತೆ ಬಾಗುತ್ತಿತ್ತು. ಅದರ ಒಳಗಿನ ಟೊಳ್ಳು ಖಾನೆಗಳಿಗೆ ಎರಡು ಕಾರ್ಬನ್ ಬಾಣದ ಕೊಳವೆಗಳನ್ನು ಉದ್ದಕ್ಕೆ ಮಲಗಿಸಿ ಎಪಾಕ್ಸಿ ತುಂಬಿಸಿದೆ. ಇಂಥ ಪ್ಲಾಸ್ಟಿಕ್‌ಗೆ ಎಪಾಕ್ಸಿ ಚೆನ್ನಾಗಿ ಅಂಟುವುದಿಲ್ಲ. ಅದಕ್ಕಾಗಿ ಒಳಗೋಡೆಗಳನ್ನು ಗೀರಿ ಒರಟಾಗಿಸಿ, ಓರೆಯಾಗಿ ಸಣ್ಣ ತೂತುಗಳನ್ನು ಕೊರೆದಿದ್ದೆ. ಗಟ್ಟಿಯಾದ ಎಪಾಕ್ಸಿ ಆ ತೂತುಗಳಲ್ಲಿ ಬೇರೂರಿ ಹಿಡಿದುಕೊಳ್ಳುತ್ತದೆ. ತೂಕ ತುಸು ಏರಿತು. ಬೈಪಾಡ್ ಮೇಲೆ ಒತ್ತಿದರೂ ಈಗ ಕಾಗದ ಕಚ್ಚುವುದಿಲ್ಲ. ಐದರ ಗುಂಪು 55 ಮಿ.ಮೀ.ಗೆ ಇಳಿಯಿತು, ಎಡಕ್ಕೆ ನಡೆಯುವುದು ಹೆಚ್ಚುಕಡಿಮೆ ನಿಂತಿತು.

ಸ್ಕ್ರೂಗಳು

ಆಕ್ಷನನ್ನು ಸ್ಟಾಕಿಗೆ ಬಿಗಿಯುವ ಎರಡು ಸ್ಕ್ರೂಗಳಿಗೂ ಕೈಪಿಡಿಯಲ್ಲಿ ಬಿಗಿತದ ಅಂಕಿ ಕೊಟ್ಟಿರುತ್ತಾರೆ. ಬಿಗಿತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದೆ ‘ಕೈಗೆ ಗಟ್ಟಿ ಅನ್ನಿಸುವಷ್ಟು’ ಬಿಗಿದರೆ ಪ್ಲಾಸ್ಟಿಕ್ ನಲುಗುತ್ತದೆ, ಪ್ರತಿ ಸಲ ಬಿಚ್ಚಿ ಜೋಡಿಸಿದಾಗಲೂ ಗುರಿ ಬದಲಾಗುತ್ತದೆ. ಈ ಕೆಲಸಕ್ಕಾಗಿ ನಾನು ಹಣ ಕೊಟ್ಟು ತಂದ ಮುಖ್ಯ ಸಲಕರಣೆ ಇದೊಂದೇ. ಸ್ಕೋಪಿನ ಉಂಗುರಗಳ ಸ್ಕ್ರೂಗಳಿಗೂ ಅದೇ ಬೇಕು. ಅಲ್ಲಿನ ಬಿಗಿತ ತೀರಾ ಕಡಿಮೆ, ಸುಮಾರು 2 ನ್ಯೂಟನ್ ಮೀಟರ್. ನನ್ನ ರೈಫಲಿನಲ್ಲಿ ಸ್ಕೋಪಿನ ಹಿಂಬದಿ ಬುಡದ ಒಂದು ಸ್ಕ್ರೂ ಅರೆಸುತ್ತು ಸಡಿಲವಿತ್ತು. ಎಣ್ಣೆ ಒರೆಸಿ, ಬಿಡಿಸಬಹುದಾದ ಬಗೆಯ ತ್ರೆಡ್ ಅಂಟು ಹಚ್ಚಿ ಕೂರಿಸಿದೆ. ಸಡಿಲ ಬುಡದ ಮೇಲೆ ಕೂತ ದುಬಾರಿ ಸ್ಕೋಪಿಗಿಂತ ಗಟ್ಟಿ ಬುಡದ ಸಾಧಾರಣ ಸ್ಕೋಪೇ ಮೇಲು. ಇಷ್ಟಾದ ಮೇಲೆ ಮೇಲಕ್ಕೋ ಕೆಳಕ್ಕೋ ಹಾರುತ್ತಿದ್ದ ಒಂಟಿ ಗುಂಡುಗಳು ಕಡಿಮೆಯಾಗಿ ಸರಾಸರಿ 49 ಮಿ.ಮೀ.ಗೆ ಬಂತು.

ಕಾಡತೂಸು

ನಳಿಗೆಯೊಳಗಿನ ತಿರುಚು ಗೀರು 10 ಇಂಚಿಗೆ ಒಂದು ಸುತ್ತು. 150ರಿಂದ 180 ಗ್ರೇನ್ ತೂಕದ ಗುಂಡುಗಳಿಗೆ ಯಾವ ತಕರಾರೂ ಇರಬಾರದು. 150 ಗ್ರೇನ್ ಎಂದರೆ ಸುಮಾರು 9.7 ಗ್ರಾಂ. ತಕರಾರು ಇಲ್ಲದಿರುವುದು ಬೇರೆ, ಇಷ್ಟಪಡುವುದು ಬೇರೆ. ಕಾರ್ಖಾನೆಯ ಕಾಡತೂಸುಗಳನ್ನೇ ಬೇರೆ ಬೇರೆ ತೂಕಗಳಲ್ಲಿ ತಂದು, ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ನಳಿಗೆ ಒರೆಸಿ, ಲೆಕ್ಕಕ್ಕೆ ಹಿಡಿಯದ ಕೆಲವು ಗುಂಡು ಹೊಡೆದು, ನಂತರ ಅಳತೆ ತೆಗೆದೆ. ತೀರಾ ಅಗ್ಗದ 150 ಗ್ರೇನ್ 49ರಲ್ಲೇ ಉಳಿಯಿತು. ಸ್ಪರ್ಧೆಗೆಂದೇ ಮಾಡಿದ 168 ಗ್ರೇನ್ 40. ಎಲ್ಲಕ್ಕಿಂತ ಬಿಗಿಯಾಗಿ ಬಂದದ್ದು ಸಾಧಾರಣ ಬೇಟೆಯ 165 ಗ್ರೇನ್ ಮೃದುತುದಿ ಗುಂಡು: ಸರಾಸರಿ 36 ಮಿ.ಮೀ. ದುಬಾರಿಯದನ್ನು ಸೋಲಿಸಿತು ಎಂದು ಬೀಗಬೇಕಿಲ್ಲ, 36ಕ್ಕೂ 40ಕ್ಕೂ ಇರುವ ಅಂತರ ಇಷ್ಟು ಗುಂಡುಗಳಲ್ಲಿ ಅದೃಷ್ಟದ್ದೂ ಆಗಿರಬಹುದು. 49ರಿಂದ ಕೆಳಗಿಳಿದದ್ದು ಮಾತ್ರ ಅದೃಷ್ಟವಲ್ಲ, ಮತ್ತೆ ಮತ್ತೆ ಹೊಡೆದಾಗಲೂ ಹಾಗೇ ಬಂತು. ಅದೇ ಲಾಟ್ ಸಂಖ್ಯೆಯ ಪೆಟ್ಟಿಗೆಗಳನ್ನು ಸಿಕ್ಕಷ್ಟು ತೆಗೆದಿಟ್ಟಿದ್ದೇನೆ.

ಇದೇ ಕಾಡತೂಸಿನ ಹತ್ತು ಗುಂಡಿನ ಗುಂಪು 43 ಮಿ.ಮೀ., ಅಂದರೆ ಒಂದೂವರೆ ಎಂಒಎಗೆ ಕೂದಲೆಳೆಯಷ್ಟು ಒಳಗೆ. ಐದು ಗುಂಡಾದ ಮೇಲೆ ಬೋಲ್ಟ್ ತೆರೆದಿಟ್ಟು ನಳಿಗೆಯನ್ನು ಆರಲು ಬಿಟ್ಟೆ. ಬೇಟೆಗೆ ಬೇಕಾದದ್ದು ಹೇಗಿದ್ದರೂ ತಣ್ಣಗಿನ ನಳಿಗೆಯ ಮೊದಲ ಗುಂಡು. ಅದಕ್ಕೊಂದು ಬೇರೆ ಕಾಗದ ಇಟ್ಟಿದ್ದೇನೆ. ಪ್ರತಿ ಸಲ ಹೋದಾಗಲೂ ಮೊದಲನೆಯದು ಅದರ ಮೇಲೆಯೇ. ಎಣ್ಣೆ ಉಳಿದ ನಳಿಗೆಯಿಂದ ಹೋದ ಗುಂಡು ಅಲ್ಲಿ ದೂರವಾಗಿ ಕೂತಿದೆ, ಒಣ ಬಟ್ಟೆ ಎಳೆದ ಮೇಲಿನವು ಒಂದಕ್ಕೊಂದು ಹತ್ತಿರದಲ್ಲಿವೆ.

ಉಳಿದಿರುವುದು ಟ್ರಿಗರ್. ತಕ್ಕಡಿಯ ಕೊಕ್ಕೆ ಹಾಕಿ ಎಳೆದರೆ 2.7 ಕೆ.ಜಿ. ತೋರಿಸುತ್ತದೆ, ಸ್ಕೋಪ್ ಸೇರಿ ರೈಫಲಿನ ತೂಕವೇ 3.6. ಹೊಂದಾಣಿಕೆಯ ಸ್ಕ್ರೂ ಇದೆ, ಕೈಪಿಡಿ ಅನುಮತಿಸುವ ಮಿತಿಯೊಳಗೆ 1.8ಕ್ಕೆ ಇಳಿಸುವ ಯೋಚನೆ. ಸ್ಪ್ರಿಂಗ್ ಕತ್ತರಿಸುವುದು, ಕಚ್ಚುವ ಅಂಚನ್ನು ಅರದಿಂದ ಉಜ್ಜುವುದು ನನ್ನ ಪಟ್ಟಿಯಲ್ಲಿಲ್ಲ. ಇಳಿಸಿದ ಮೇಲೆ ಖಾಲಿ ರೈಫಲಿನ ಬೋಲ್ಟನ್ನು ಜೋರಾಗಿ ಮುಚ್ಚಿ, ಹಿಂಬದಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಸೇಫ್ಟಿ ಹಾಕಿ ತೆಗೆದು, ಯಾವ ಹಂತದಲ್ಲೂ ಕಾಡತೂಸಿಗೆ ಬಡಿಯುವ ಪಿನ್ ತಾನಾಗಿ ಬೀಳುವುದಿಲ್ಲ ಎಂದು ನೋಡಬೇಕು. ಒಮ್ಮೆ ಬಿದ್ದರೂ ಸ್ಕ್ರೂ ಮೊದಲಿನ ಜಾಗಕ್ಕೆ ಹೋಗುತ್ತದೆ, ವಿಷಯ ಬಂದೂಕು ರಿಪೇರಿಯವರ ಬಳಿಗೆ. ಆಕ್ಷನ್ ಕೆಳಗೆ ಎಪಾಕ್ಸಿ ಹಾಸಿ ಕೂರಿಸುವ ಬೆಡ್ಡಿಂಗ್ ಕೆಲಸವನ್ನು ಸದ್ಯಕ್ಕೆ ಮುಟ್ಟುವುದಿಲ್ಲ. ಟ್ರಿಗರ್ ಹಗುರವಾದ ಮೇಲೆ ಹತ್ತರ ಗುಂಪು 40ಕ್ಕಿಂತ ಕೆಳಗೆ ಬಂದರೆ ಅದರ ಅಗತ್ಯವೇ ಬೀಳದು.