ಸ್ಲ್ಯಾಬ್ ಹಾಕುವ ಮುಂಚೆ ಬೆರಳು ಮಡಚಿಸಿ ನೋಡಿ

ನಮ್ಮ ಪ್ಲಾಸ್ಟರ್ ರೂಮಿಗೆ ರೋಗಿಗಿಂತ ಮುಂಚೆ ಚೀಟಿ ಬರುತ್ತದೆ. ಆವತ್ತು ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಉಂಗುರ ಬೆರಳಿನ ಬುಡದ ಮೂಳೆ ಫ್ರಾಕ್ಚರ್, ಜರುಗಿಲ್ಲ, ಸ್ಲ್ಯಾಬ್, ಮೂರು ವಾರ. ಸ್ಲ್ಯಾಬ್ ಅಂದರೆ ಕೈಯ ಒಂದು ಬದಿಗೆ ಮಾತ್ರ ಕೂರಿಸಿ ಕಟ್ಟುವ ಅರ್ಧ ಪ್ಲಾಸ್ಟರ್. ಹೊರಗೆ ಉದ್ದ ಕ್ಯೂ. ಇಂಥ ಕೇಸಿಗೆ ಯಾರೂ ಜಾಸ್ತಿ ಯೋಚನೆ ಮಾಡುವುದಿಲ್ಲ.

ಹುಡುಗ ಆಟದಲ್ಲಿ ಎದುರಾಳಿಯ ಬನಿಯನ್ ಹಿಡಿಯಲು ಹೋಗಿದ್ದ. ಬಟ್ಟೆಗೆ ಸಿಕ್ಕಿ ಬೆರಳು ತಿರುಚಿಕೊಂಡಿತ್ತು. ಮೊದಲ ಜಗಳ ಉಂಗುರದ್ದು. ಊತ ಎರಡೂ ಕಡೆಯಿಂದ ಮೇಲೆ ಬಂದು ಉಂಗುರ ಒಳಗೆ ಹೂತುಹೋಗಿತ್ತು, ಬೆರಳಿನ ತುದಿ ನೀಲಿಗೆ ತಿರುಗುತ್ತಿತ್ತು. "ಸೋಪು ಹಚ್ಚಿ ಎಳೀರಿ ಸಿಸ್ಟರ್, ಕತ್ತರಿಸಬೇಡಿ" ಅಂತ ಅವನು. ಮುರಿದ ಬೆರಳಿನಿಂದ ಉಂಗುರ ಎಳೆಯುವುದು ಹೇಗೆ? ನಮ್ಮ ರಿಂಗ್ ಕಟರ್‌ನ ಬ್ಲೇಡ್ ಮೊಂಡಾಗಿದೆ ಅಂತ ಸ್ಟೋರ್‌ಗೆ ಎಷ್ಟು ಸಲ ಇಂಡೆಂಟ್ ಹಾಕಿದ್ದೇನೋ. ಅದೇ ಮೊಂಡು ಬ್ಲೇಡಿನಲ್ಲಿ ಕೊಯ್ದು ತೆಗೆದೆ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಿ ಬಂತು. ಸದ್ಯ, ರಕ್ತ ಓಡುತ್ತಿದೆ.

ಎಕ್ಸ್‌ರೇ ನೋಡಿದೆ. ನೇರದ್ದು ಒಂದು, ಓರೆಯದ್ದು ಒಂದು. ಬೆರಳಿನ ಪಕ್ಕದ ನೋಟ ಇಲ್ಲವೇ ಇಲ್ಲ. ನಮ್ಮ ಕಂಪ್ಯೂಟರಿನ ಫಾರ್ಮಿನಲ್ಲಿ 'ಹ್ಯಾಂಡ್' ಅಂತ ಒತ್ತಿದರೆ ಅವೆರಡೇ ಬರುತ್ತವೆ, ಬೆರಳಿಗೆ ಬೇರೆ ಆಯ್ಕೆ ಹಾಕಿಕೊಡಿ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೂಳೆಯ ಮೇಲೆ ಸುರುಳಿ ಸುತ್ತಿದ ಹಾಗೆ ಸಣ್ಣ ಗೆರೆ. ತುಂಡುಗಳು ಒಂದರ ಪಕ್ಕ ಒಂದು ಸರಿಯಾಗೇ ಕೂತಂತೆ ಕಾಣುತ್ತಿದ್ದವು.

ಪ್ಯಾಡಿಂಗ್ ಬಿಚ್ಚಿದ್ದೆ, ಸ್ಲ್ಯಾಬ್ ಅಳತೆಗೆ ಕತ್ತರಿಸಿದ್ದೆ, ಬಕೆಟ್ಟಿನಲ್ಲಿ ನೀರು ರೆಡಿ. "ಸ್ವಲ್ಪ ಬೆರಳು ಮಡಚಪ್ಪ" ಅಂದೆ. ಚೂರು ಮಡಚಿ ಹಲ್ಲು ಕಚ್ಚಿದ. ನೋವಿಗೆ ಆಗುತ್ತಿಲ್ಲ ಅಂತ ಬಿಟ್ಟುಬಿಡುವುದು ಸುಲಭ, ಎಲ್ಲರೂ ಹಾಗೇ ಬಿಡುತ್ತಾರೆ. ಆದರೆ ಆ ಗೆರೆ ನನಗೆ ಸಮಾಧಾನ ಕೊಡಲಿಲ್ಲ. ಅವನ ಮೊಣಕೈ ಟೇಬಲ್ ಮೇಲೆ ಊರಿಸಿ, "ನೀನೇನೂ ಮಾಡಬೇಡ, ಕೈ ಸಡಿಲ ಬಿಡು" ಅಂತ ಹೇಳಿ ಮಣಿಕಟ್ಟನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದೆ. ಹಾಗೆ ಮಾಡಿದರೆ ಬೆರಳುಗಳು ತಾವೇ ಒಳಕ್ಕೆ ಮಡಚಿಕೊಳ್ಳುತ್ತವೆ. ಸರಿಯಿರುವ ಕೈಯಲ್ಲಿ ನಾಲ್ಕೂ ಬೆರಳು ಹೆಬ್ಬೆರಳಿನ ಬುಡದ ಕಡೆಗೇ ಮುಖ ಮಾಡುತ್ತವೆ. ಅವನ ಉಂಗುರ ಬೆರಳು ಮಾತ್ರ ದಾರಿ ತಪ್ಪಿ ಕಿರುಬೆರಳಿನ ಕೆಳಗೆ ನುಸುಳಿತು. ತುದಿಯಿಂದ ನೋಡಿದರೆ ಆ ಉಗುರೊಂದೇ ವಾಲಿಕೊಂಡಿತ್ತು. ಇನ್ನೊಂದು ಕೈಯನ್ನೂ ಹಾಗೇ ಬಾಗಿಸಿ ನೋಡಿದೆ. ಅಲ್ಲಿ ಎಲ್ಲಾ ಸಾಲಾಗಿ ಬಂತು.

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. "ಎಕ್ಸ್‌ರೇ ನಾನೇ ನೋಡಿದೀನಲ್ಲ ಸಿಸ್ಟರ್, ಜರುಗಿಲ್ಲ. ಹಾಕಿ ಕಳಿಸಿ."

"ಫಿಲ್ಮಲ್ಲಿ ಕಾಣಲ್ಲ ಸರ್. ಮಡಚಿದ್ರೆ ಕಾಣುತ್ತೆ. ಒಂದ್ನಿಮಿಷ ಬಂದು ಹೋಗಿ."

ಆ ಕಡೆ ಮೌನ. ಇಲ್ಲಿ ಬಾಗಿಲು ಬಡಿಯುತ್ತಿದ್ದಾರೆ, ಹುಡುಗ ನನ್ನ ಮುಖ ನೋಡುತ್ತಿದ್ದಾನೆ, ಇನ್‌ಚಾರ್ಜ್ ಬಂದು "ಇನ್ನೂ ಒಂದೇ ಕೇಸಾ?" ಅಂತ ಕೇಳಿ ಹೋದರು. ನನಗೂ ಒಳಗೊಳಗೇ ಅಳುಕು. ಊತದಿಂದಲೇ ಬೆರಳು ಆ ಕಡೆ ವಾಲಿದ್ದರೆ? ಇನ್ನೊಂದು ಸಲ ಮಣಿಕಟ್ಟು ಬಾಗಿಸಿದೆ. ಅದೇ ಬೆರಳು, ಅದೇ ದಾರಿ. ಡಾಕ್ಟರ್ ಬಂದವರು ಒಂದು ಸಲ ಬಾಗಿಸಿ ನೋಡಿ ಸೀದಾ ಇಂಜೆಕ್ಷನ್ ಕೇಳಿದರು. ಬೆರಳು ಮರಗಟ್ಟಿಸಿ ತಿರುಗಿಸಿ ಕೂರಿಸಿದರು. ಕೈ ಬಿಟ್ಟ ಕೂಡಲೇ ಮತ್ತೆ ಜಾರಿತು. ಸುರುಳಿ ಮುರಿತದ ಸ್ವಭಾವವೇ ಅದು, ನಿಲ್ಲುವುದಿಲ್ಲ. ಮರುದಿನ ಮೂಳೆ ಜಾರದಂತೆ ಹಿಡಿದಿಡುವ ಸಣ್ಣ ತಂತಿ, ಕೆ-ವೈರ್, ಹಾಕಿದರು.

ಸುಮ್ನೆ ಸ್ಲ್ಯಾಬ್ ಹಾಕಿ ಕಳಿಸಿದ್ದರೆ ಮೂಳೆ ಚೆನ್ನಾಗೇ ಕೂಡುತ್ತಿತ್ತು, ತಿರುಗಿದ ಜಾಗದಲ್ಲೇ. ಮಕ್ಕಳಲ್ಲಿ ಬಾಗಿ ಕೂಡಿದ ಮೂಳೆ ಬೆಳೆಯುತ್ತಾ ಸ್ವಲ್ಪ ನೆಟ್ಟಗಾಗುವುದುಂಟು. ತಿರುಗಿ ಕೂಡಿದ್ದನ್ನು ಹಾಗೆ ನಂಬಿ ಬಿಡುವಂತಿಲ್ಲ. ದೊಡ್ಡವರಲ್ಲಿ ಮೂಳೆಯನ್ನು ಮತ್ತೆ ಕತ್ತರಿಸಿಯೇ ಸರಿ ಮಾಡಬೇಕು. ಅಂಗೈ ಮೂಳೆ 5 ಡಿಗ್ರಿ ತಿರುಗಿದರೂ ಸಾಕು, ಮುಷ್ಟಿ ಕಟ್ಟಿದಾಗ ಬೆರಳಿನ ತುದಿ ಸುಮಾರು 1.5 ಸೆಂ.ಮೀ. ಪಕ್ಕದ ಬೆರಳಿನ ಮೇಲೆ ಹತ್ತುತ್ತದೆ. ಹಿಡಿ ಹಿಡಿದು ಕೆಲಸ ಮಾಡುವವರಿಗೆ ಇದು ಜೀವನಪೂರ್ತಿ ಕಾಟ. ಎಕ್ಸ್‌ರೇ ಅಂದರೆ ಬರೀ ನೆರಳು. ಸಣ್ಣ ತಿರುಚು ನೆರಳಿನಲ್ಲಿ ಹೇಗೆ ಕಾಣಬೇಕು?

ಹೊಸಬರಿಗೆ ನಾನು ಇದನ್ನೇ ಹೇಳುವುದು. "ಬೆರಳು ಆಡ್ತಿದೆ, ಮುರಿದಿಲ್ಲ" ಅಂತ ರೋಗಿ ಹೇಳಿದರೆ ಕೇಳಬೇಡಿ, ಮುರಿದ ಬೆರಳೂ ಆಡುತ್ತದೆ. ಗುದ್ದಿ ಬಂದವರ ಗೆಣ್ಣಿನ ಮೇಲೆ ಸಣ್ಣ ಗಾಯ ಇದ್ದರೆ ಅದು ಎದುರಿನವನ ಹಲ್ಲಿನದು ಅಂತಲೇ ತಿಳಿದು ಡಾಕ್ಟರಿಗೆ ತೋರಿಸಿ, ಅದರ ಮೇಲೆ ಪಟ್ಟಿ ಮುಚ್ಚಿ ಕಳಿಸಬೇಡಿ. ಕೀಲಿನೊಳಗೆ ಕೀವಾದರೆ ಮುರಿತಕ್ಕಿಂತ ದೊಡ್ಡ ತೊಂದರೆ. ಹೆಬ್ಬೆರಳು ಮೇಲೆತ್ತಿದಾಗ ಅದರ ಬುಡದಲ್ಲಿ ಬೀಳುವ ಗುಳಿ ಒತ್ತಿದರೆ ನೋವಿದೆ, ಎಕ್ಸ್‌ರೇ ಸರಿಯಿದೆ. ಆಗಲೂ ಮಣಿಕಟ್ಟಿನ ಸ್ಕ್ಯಾಫಾಯ್ಡ್ ಮೂಳೆ ಮುರಿದಿದೆ ಅಂದುಕೊಂಡೇ ಹೆಬ್ಬೆರಳು ಸೇರಿಸಿ ಕಟ್ಟಿ, 10ರಿಂದ 14 ದಿನಕ್ಕೆ ಮತ್ತೆ ಕರೆಸುವುದು ವಾಡಿಕೆ. ಆ ಮೂಳೆಗೆ ರಕ್ತ ತುದಿಯ ಕಡೆಯಿಂದ ಹಿಂದಕ್ಕೆ ಹೋಗುತ್ತದೆ. ಗುರುತಿಸದೆ ಬಿಟ್ಟರೆ ಕೂಡದೆ ಉಳಿಯಬಹುದು, ಒಳಗಿನ ತುಂಡು ಸತ್ತೇಹೋಗಬಹುದು.

ಸ್ಲ್ಯಾಬ್ ಹಾಕುವಾಗ ಬೆರಳನ್ನು ಪೂರ್ತಿ ನೆಟ್ಟಗೆ ಚಾಚಿ ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಣಿಕಟ್ಟು ಸ್ವಲ್ಪ ಹಿಂದಕ್ಕೆ, ಬೆರಳು ಅಂಗೈಗೆ ಸೇರುವ ಗೆಣ್ಣು 70ರಿಂದ 90 ಡಿಗ್ರಿ ಮಡಚಿ, ಅದರ ಮುಂದಿನ ಕೀಲುಗಳು ಮಾತ್ರ ನೆಟ್ಟಗೆ. ಗೆಣ್ಣನ್ನು ಚಾಚಿ ಕಟ್ಟಿದರೆ ಪಕ್ಕದ ಲಿಗಮೆಂಟ್ ಗಿಡ್ಡವಾಗಿ ಆಮೇಲೆ ಮಡಚಲು ಬರುವುದಿಲ್ಲ. ಉಗುರುಗಳು ಹೊರಗೆ ಕಾಣುವಂತಿರಲಿ. ಇನ್ನೊಂದು ಪಿಡುಗು ಎಂದರೆ ಎಕ್ಸ್‌ರೇಯಲ್ಲಿ ಗೆರೆ ಇನ್ನೂ ಇದೆ ಅಂತ ವಾರಗಟ್ಟಲೆ ಪಟ್ಟಿ ಮುಂದುವರಿಸುವುದು. ಬೆರಳಿನ ಮೂಳೆಯ ಗೆರೆ ತಿಂಗಳುಗಟ್ಟಲೆ ಕಾಣುತ್ತದೆ. ಒತ್ತಿದರೆ ನೋವಿಲ್ಲ ಅಂದಮೇಲೆ, ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೆ, ಡಾಕ್ಟರನ್ನು ಕೇಳಿ ಬೆರಳು ಆಡಿಸಲು ಶುರು ಮಾಡಿಸಬೇಕು.

ಹುಡುಗನ ವೈರ್ ತೆಗೆದಾಯ್ತು. ಮಡಚಿದರೆ ಬೆರಳು ಸಾಲಾಗಿ ಬರುತ್ತದೆ, ಆದರೆ ನಡುವಿನ ಕೀಲು ಇನ್ನೂ ಬಿಗಿ. ದಿನಾ ವ್ಯಾಯಾಮ ಮಾಡಿಸಬೇಕು. ನಮ್ಮ ಫಿಸಿಯೋ ರೂಮಿಗೆ ಮಧ್ಯಾಹ್ನಕ್ಕೇ ಬೀಗ ಬೀಳುತ್ತದೆ, ಅವನ ಕೆಲಸ ಬಿಡುವುದು ಸಂಜೆಗೆ. ಟೈಮ್ ಬದಲಾಯಿಸಿ ಅಂತ ಮೀಟಿಂಗಿನಲ್ಲಿ ಕೇಳಿದ್ದೇನೆ, ಉತ್ತರ ಬಂದಿಲ್ಲ.