ಬಿಚ್ಚದ ಸೆಂಟ್ರಿಂಗ್

"ಸೆಂಟ್ರಿಂಗ್ ಯಾವತ್ತು ಬಿಚ್ತಾರೆ?"

ಕೆನಡಾದ ಒಟ್ಟಾವಾದಲ್ಲಿ ಏಳುತ್ತಿದ್ದ ನಮ್ಮ ಮನೆಯ ಗೋಡೆಯನ್ನು ವಿಡಿಯೊ ಕಾಲಿನಲ್ಲಿ ನೋಡಿ ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ ಇದು. ತಿಪಟೂರಿನ ಸುತ್ತಮುತ್ತ ಮೂವತ್ತು ವರ್ಷ ಸೆಂಟ್ರಿಂಗ್ ಮೇಸ್ತ್ರಿಯಾಗಿದ್ದವರು ಅವರು. "ಬಿಚ್ಚೋದೇ ಇಲ್ಲ ಚಿಕ್ಕಪ್ಪ, ಅದೂ ಗೋಡೇನೇ" ಅಂದೆ. ಅವರು ಸುಮ್ಮನಾದರು. ಹಿಂದಿನಿಂದ ಅಮ್ಮನ ದನಿ ಕೇಳಿಸಿತು: "ಥರ್ಮಾಕೋಲಲ್ಲಿ ಮನೆ ಕಟ್ತಾ ಇದ್ದೀಯಾ? ಗಣಪತಿ ಮಂಟಪಕ್ಕೆ ತರ್ತಿದ್ವಲ್ಲ, ಅದ್ರಲ್ಲಾ?"

ಹೌದು, ಹೆಚ್ಚುಕಮ್ಮಿ ಅದರಲ್ಲೇ. ಇಲ್ಲಿ ಇದನ್ನು ಐಸಿಎಫ್ (ಇನ್ಸುಲೇಟೆಡ್ ಕಾಂಕ್ರೀಟ್ ಫಾರ್ಮ್) ಅನ್ನುತ್ತಾರೆ. ಎರಡೂವರೆ ಇಂಚಿಗಿಂತ ತುಸು ದಪ್ಪದ ಎರಡು ಫೋಮ್ ಹಲಗೆಗಳು, ಅವುಗಳ ನಡುವೆ ಕಾಂಕ್ರೀಟ್ ತುಂಬಲು ಆರೋ ಎಂಟೋ ಇಂಚಿನ ಜಾಗ, ಹಲಗೆಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿಗಳು. ಒಂದು ಬ್ಲಾಕ್ 48 ಇಂಚು ಉದ್ದ, 16 ಇಂಚು ಎತ್ತರ. ಒಂದೇ ಕೈಯಲ್ಲಿ ಎತ್ತಬಹುದು, ಏಕೆಂದರೆ ಆ ಫೋಮಿನಲ್ಲಿ ನೂರಕ್ಕೆ 98 ಪಾಲು ಬರೀ ಗಾಳಿ. ಹಲ್ಲಿಗೆ ಹಲ್ಲು ಕೂಡಿಸಿ, ಇಟ್ಟಿಗೆಯ ಹಾಗೆ ಸಂದು ತಪ್ಪಿಸಿ ಜೋಡಿಸುತ್ತಾ ಹೋಗುವುದು. ಕೆನಡಾದ ಕಂಟ್ರಾಕ್ಟರ್ ವರ್ನರ್ ಗ್ರೆಗೊರಿ 1966ರಲ್ಲಿ ಇಂಥ ಫೋಮ್ ಅಚ್ಚಿನ ಪೇಟೆಂಟಿಗೆ ಅರ್ಜಿ ಹಾಕಿದ್ದು. ಅವನ ಬ್ಲಾಕಿನ ಅಳತೆಯೂ ಇದೇ ಆಗಿತ್ತು.

ಕಂಬಿ ಕಟ್ಟುವ ಕೆಲಸ ಚಿಕ್ಕಪ್ಪನಿಗೆ ಬಹಳ ಹಿಡಿಸಿತು. ಪ್ಲಾಸ್ಟಿಕ್ ಪಟ್ಟಿಗಳಲ್ಲಿ ಮೊದಲೇ ಕಚ್ಚು ಇರುತ್ತದೆ, ಅಡ್ಡ ಕಂಬಿಯನ್ನು ಅದರಲ್ಲಿ ಕೂರಿಸಿದರೆ ಅಲುಗಾಡುವುದಿಲ್ಲ. ಬೈಂಡಿಂಗ್ ವೈರಿನ ಕೆಲಸ ಬಹುಪಾಲು ತಪ್ಪುತ್ತದೆ. "ಕವರ್ ಬ್ಲಾಕೂ ಬೇಡ ಹಾಗಾದ್ರೆ" ಅಂದರು, ಕಂಬಿ ಅಚ್ಚಿಗೆ ತಾಗದಂತೆ ಇಡುವ ಸಿಮೆಂಟ್ ಬಿಲ್ಲೆ ಅದು. ಬೇಡ.

ಕಾಂಕ್ರೀಟ್ ಹಾಕುವ ದಿನ ಮಾತ್ರ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಒಂಬತ್ತಡಿ ಗೋಡೆಯನ್ನು ಒಂದೇ ಬೀಸಿಗೆ ತುಂಬಿದರೆ ಹಸಿ ಕಾಂಕ್ರೀಟಿನ ಭಾರ ಪೂರ್ತಿ ಬುಡದ ಫೋಮಿನ ಮೇಲೆ ಬೀಳುತ್ತದೆ. ಅದಕ್ಕೇ ಪಂಪಿನ ಕೊಳವೆ ಹಿಡಿದವನು ಮನೆಯ ಸುತ್ತ ಪ್ರದಕ್ಷಿಣೆ ಹಾಕುತ್ತಾನೆ. ಒಂದು ಸುತ್ತಿಗೆ ಮೂರು ನಾಲ್ಕು ಅಡಿ, ಅದು ಸ್ವಲ್ಪ ಬಿಗಿಯಾದ ಮೇಲೆ ಇನ್ನೊಂದು ಸುತ್ತು. ಸಣ್ಣ ಜಲ್ಲಿ, ಹಿಂದೆಯೇ ವೈಬ್ರೇಟರ್. ಒಳಗಡೆ ಉದ್ದಕ್ಕೂ ಉಕ್ಕಿನ ಊರುಗೋಲು, ಮೇಲ್ಗಡೆ ಗೋಡೆ ನೆಟ್ಟಗಿದೆಯಾ ನೋಡಲು ದಾರ. ಎರಡನೇ ಸುತ್ತಿನಲ್ಲಿ ನಮ್ಮ ಒಂದು ಮೂಲೆ ಉಬ್ಬಿತು. ನಾಲ್ಕು ಜನ ಓಡಿಬಂದು ಪ್ಲೈವುಡ್ ತುಂಡು ಒತ್ತಿ, ಸ್ಕ್ರೂ ಹೊಡೆದು, ಊರುಗೋಲು ಕೊಟ್ಟು ನಿಲ್ಲಿಸಿದರು. ಐದು ನಿಮಿಷ ತಡವಾಗಿದ್ದರೆ ಅರ್ಧ ಲಾರಿ ಕಾಂಕ್ರೀಟ್ ನೆಲದ ಮೇಲಿರುತ್ತಿತ್ತು.

ಕ್ಯೂರಿಂಗಿಗೆ ನೀರು ಹಾಕಲಿಲ್ಲ. ಇದನ್ನು ಅಮ್ಮ ಇವತ್ತಿಗೂ ನಂಬುವುದಿಲ್ಲ. ನಮ್ಮ ಊರಿನ ಮನೆ ಕಟ್ಟುವಾಗ ಸ್ಕೂಲಿಗೆ ಹೋಗುವ ಮುಂಚೆ ಗೋಡೆಗೆ ನೀರು ಹೊಡೆಯುವುದು ನನ್ನ ಪಾಲಿನ ಕೆಲಸವಾಗಿತ್ತು, ತಾರಸಿ ಮೇಲಿನ ಗೋಣಿಚೀಲ ಒಣಗಿದರೆ ಬೈಗುಳ ಬೀಳುತ್ತಿತ್ತು. ಇಲ್ಲಿ ಎರಡೂ ಬದಿಯ ಫೋಮ್ ತೇವವನ್ನು ಒಳಗೇ ಹಿಡಿದಿಡುತ್ತದೆ, ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಶಾಖವನ್ನೂ ಹಿಡಿದಿಡುತ್ತದೆ. ಅದರಿಂದಲೇ ಚಳಿ ಶುರುವಾದ ಮೇಲೂ ಗೋಡೆ ಎಬ್ಬಿಸಲು ಆಗುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಜನವರಿಯಲ್ಲಿ ಇಲ್ಲಿ ಮೈನಸ್ 25ಕ್ಕೆ ಇಳಿಯುವ ರಾತ್ರಿಗಳಿರುತ್ತವೆ. ಇಲ್ಲಿನ ಹೆಚ್ಚಿನ ಮನೆಗಳು ಮರದ ಚೌಕಟ್ಟಿನವು, ನಡುವೆ ನಾರಿನ ಹಾಸು ತುಂಬಿರುತ್ತಾರೆ. ಹಾಸು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ 16 ಅಥವಾ 24 ಇಂಚಿಗೊಂದರಂತೆ ನಿಂತ ಮರದ ಮೂಲಕ ಶಾಖ ಸೋರುತ್ತದೆ. ಗೋಡೆಗಳು ಶಾಖವನ್ನು ಎಷ್ಟು ತಡೆಯುತ್ತವೆ ಅನ್ನುವುದಕ್ಕೆ ಇಲ್ಲಿ ಆರ್ ಅನ್ನುವ ಲೆಕ್ಕವಿದೆ. ಚೌಕಟ್ಟಿನ ಗೋಡೆಗೆ 20ರ ಹಾಸು ತುಂಬಿದರೂ ಕೈಗೆ ಸಿಗುವುದು 16ರ ಹತ್ತಿರ. ಐಸಿಎಫ್ ಗೋಡೆಯದು 22ರ ಮೇಲೆ, ಮತ್ತು ಅದರಲ್ಲಿ ಶಾಖ ಸೋರುವ ಮರದ ಕಂಬಗಳಿಲ್ಲ. ನಮ್ಮೂರ ಒಂಬತ್ತಿಂಚಿನ ಇಟ್ಟಿಗೆ ಗೋಡೆಯದು ಎರಡರ ಆಸುಪಾಸು.

ಆದರೂ ಬರೀ ಫೋಮನ್ನು ಹೊಗಳಲಾರೆ. 1977ರಲ್ಲಿ ಇದೇ ದೇಶದ ರೆಜೈನಾದಲ್ಲಿ ಸಸ್ಕಾಚೆವಾನ್ ಕನ್ಸರ್ವೇಶನ್ ಹೌಸ್ ಕಟ್ಟಿದರು. ಅದು ಮರದ್ದೇ ಮನೆ. ದಪ್ಪ ಗೋಡೆ, ಸಂದುಗೊಂದು ಬಿಡದೆ ಗಾಳಿ ತಡೆದದ್ದು, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ, ಮುಖ್ಯವಾಗಿ ಇವುಗಳ ಬಲದಿಂದ, ಮನೆ ಕಾಯಿಸುವ ಫರ್ನೇಸ್ ಇಲ್ಲದೆ ಅಲ್ಲಿನ ಭೀಕರ ಚಳಿಗೆ ಎದುರಾಗಿ ನಿಂತಿತು. ಮುಂದೆ 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಎದ್ದ, ತೀರಾ ಕಡಿಮೆ ಶಾಖ ಸಾಕಾಗುವ ಪ್ಯಾಸಿವ್ ಹೌಸ್‌ಗೂ ಆ ಮನೆ ದಾರಿ ತೋರಿಸಿತು. ಕೋಟು ಯಾವ ಬಟ್ಟೆಯದಾದರೂ ಗುಂಡಿ ಪೂರ್ತಿ ಹಾಕಿರಬೇಕು, ನಾನು ಕಲಿತದ್ದು ಅಷ್ಟೇ. ಐಸಿಎಫ್‌ನಲ್ಲಿ ಗುಂಡಿ ಹಾಕುವುದು ಸುಲಭ, ಹಾಗಾಗಿ ಅದನ್ನು ಆರಿಸಿಕೊಂಡೆವು. ಬೆಲೆ ಮರದ ಗೋಡೆಗಿಂತ ಹೆಚ್ಚೇ ಬಿತ್ತು. ಸಿಮೆಂಟ್ ತಯಾರಿಕೆಯಿಂದ ಹೊರಬೀಳುವ ಇಂಗಾಲದ ವಿಷಯ ನನ್ನನ್ನು ಕಾಡದೆ ಬಿಡಲಿಲ್ಲ. ಅದಕ್ಕೇ ಮನೆಯನ್ನು ಅಂದುಕೊಂಡದ್ದಕ್ಕಿಂತ ಸಣ್ಣದು ಮಾಡಿದೆವು.

ಗಾಳಿ ಸೋರದ ಮನೆಯಲ್ಲಿ ಒಗ್ಗರಣೆ ಹಾಕುವುದು ಬೇರೆಯದೇ ವಿದ್ಯೆ. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಘಾಟು ಮಹಡಿ ಹತ್ತುತ್ತದೆ, ಆಚೆ ಹೋಗಲು ಅದಕ್ಕೆ ಬೇರೆ ದಾರಿಯೇ ಇಲ್ಲ. ಒಲೆಯ ಮೇಲಿನ ಫ್ಯಾನಿನ ಕೊಳವೆಗೆ ಗೋಡೆಯಲ್ಲಿ ತೂತು ಬಿಡುವುದು ನಕ್ಷೆಯಲ್ಲಿ ತಪ್ಪಿಹೋಗಿತ್ತು. ಕಾಂಕ್ರೀಟ್ ಗಟ್ಟಿಯಾದ ಮೇಲೆ ವಜ್ರದ ಹಲ್ಲಿನ ಡ್ರಿಲ್ ತರಿಸಿ ಕೊರೆಸಬೇಕಾಯಿತು, ಒಂದು ಇಡೀ ದಿನ ಹಿಡಿಯಿತು. ಇಂಥ ಮನೆ ಕಟ್ಟಿಸುವವರಿದ್ದರೆ ಹೇಳುತ್ತೇನೆ: ಕಾಂಕ್ರೀಟ್ ಲಾರಿ ಬರುವ ಹಿಂದಿನ ಸಂಜೆ ಅಡುಗೆ ಮಾಡುವವರನ್ನು ಕರೆದುಕೊಂಡು ಗೋಡೆಯ ಸುತ್ತ ಒಮ್ಮೆ ನಡೆಯಿರಿ.

ಮೊದಲ ಚಳಿಗಾಲದಲ್ಲೇ ಒಂದು ರಾತ್ರಿ ಕರೆಂಟು ಹೋಯಿತು. ಇಲ್ಲಿನ ಹಳಬರು ಈಗಲೂ 1998ರ ಜನವರಿಯ ಐಸ್ ಸ್ಟಾರ್ಮಿನ (ಬಿದ್ದಲ್ಲೇ ಹೆಪ್ಪುಗಟ್ಟುವ ಮಳೆಯ) ಕಥೆ ಹೇಳುತ್ತಾರೆ, ಆಗ ಎಷ್ಟೋ ಕಡೆ ವಾರಗಟ್ಟಲೆ ವಿದ್ಯುತ್ ಇರಲಿಲ್ಲ. ಹಳೆಯ ಬಾಡಿಗೆ ಮನೆಯಲ್ಲಾದರೆ ಎರಡು ಮೂರು ಗಂಟೆಯಲ್ಲೇ ರಗ್ಗು ಹುಡುಕಬೇಕಿತ್ತು. ಇಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಮನೆಯೊಳಗೆ 21 ಡಿಗ್ರಿ ಇದ್ದದ್ದು 18 ಆಗಿತ್ತು. ಮಗಳು ಬರಿಗಾಲಲ್ಲೇ ಓಡಾಡುತ್ತಿದ್ದಳು.

ಅಮ್ಮ ಬಂದಾಗ ಅವರಿಗೆ ಇಷ್ಟವಾದದ್ದು ಕಿಟಕಿ. ಗೋಡೆಯೇ ಸುಮಾರು ಒಂದಡಿ ದಪ್ಪವಿರುವುದರಿಂದ ಕಿಟಕಿಯ ಒಳಗಟ್ಟೆ ಅಗಲವಾಗಿದೆ. "ನಮ್ಮಜ್ಜಿ ಮನೆ ಮಣ್ಣಿನ ಗೋಡೆ ಹಿಂಗೇ ಇತ್ತು" ಅಂದು ತುಳಸಿ ಕುಂಡವನ್ನು ಅಲ್ಲಿ ತಂದಿಟ್ಟರು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿತ್ತು, ಗಾಜಿನಿಂದ ಗೇಣು ದೂರದಲ್ಲಿ ತುಳಸಿ ಚಿಗುರಿತು.

ಊರಿಗೆ ಹೋಗುವಾಗ ಮಿಕ್ಕಿದ್ದ ಒಂದು ಬ್ಲಾಕನ್ನು ಅರ್ಧ ಕೊಯ್ದು ಸೂಟ್‌ಕೇಸಿನಲ್ಲಿಟ್ಟುಕೊಂಡು ಹೋದೆ. ಚಿಕ್ಕಪ್ಪ ಅದನ್ನು ಜಗಲಿಯ ಮೇಲಿಟ್ಟುಕೊಂಡು ಹೆಬ್ಬೆರಳಲ್ಲಿ ಒತ್ತಿದರು, ಪಟ್ಟಿ ಎಳೆದು ನೋಡಿದರು, ಟೇಪು ಹಿಡಿದರು.

"ಗೆದ್ದಲು?" ಅಂದರು.

ತಿನ್ನುವುದಿಲ್ಲ, ಆದರೆ ಕೊರೆದುಕೊಂಡು ಹೋಗುತ್ತದೆ ಅಂದೆ.

"ಹಂಗಾದ್ರೆ ನಮ್ ಕಡೆ ಪಾಯದ ಹತ್ರ ಬೇಡ. ಇಲ್ಲಿ ಬಿಸಿಲು ಕಾಯಿಸೋದು ಮೊದ್ಲು ತಾರಸೀನ. ಹಾಕೋದಾದ್ರೆ ಅಲ್ಲಿ ಹಾಕ್ಬೇಕು."

ಆ ಅರ್ಧ ಬ್ಲಾಕ್ ಈಗ ಅವರ ಶೆಡ್ಡಿನಲ್ಲಿ, ತುಕ್ಕು ಹಿಡಿದ ಸೆಂಟ್ರಿಂಗ್ ಶೀಟುಗಳ ಪಕ್ಕದಲ್ಲಿದೆ. ಮನೆ ಕಟ್ಟಿಸುವ ವಿಚಾರ ಕೇಳಲು ಬಂದವರಿಗೆಲ್ಲ ತೆಗೆದು ತೋರಿಸುತ್ತಾರಂತೆ.